ಬುರುಜಿನ ಮಡಿಲಕ್ಕಿ

ಕಾಗೆಬಂಡೆ ದುರ್ಗದ ಹೆಬ್ಬಾಗಿಲ ಬುರುಜು ಕಟ್ಟಿದಷ್ಟು ಸಲವೂ ಕುಸಿಯುತ್ತಿತ್ತಂತೆ. ಕೊನೆಗೆ ಕೇರಿಯ ಸೊಸೆಯೊಬ್ಬಳು ಅರಿಸಿನ ಹಚ್ಚಿಕೊಂಡು, ಹೂ ಮುಡಿದು, ತಾನಾಗಿ ಅಡಿಪಾಯಕ್ಕೆ ಇಳಿದಳಂತೆ. ಆಮೇಲೆ ಬುರುಜು ನಿಂತಿತಂತೆ. ನಾಗಮಂಗಲ ಸೀಮೆಯ ಆ ಊರಿನಲ್ಲಿ ಈ ‘ಅಂತೆ’ಗಳನ್ನು ಯಾರೂ ಕೆದಕಿದವರಲ್ಲ. ಕೋಟೆ ಕಟ್ಟಿಸಿದ ಪಾಳೆಯಗಾರನ ಹೆಸರು ಬಾಗಿಲ ಮೇಲಿನ ಕಲ್ಲಿನಲ್ಲಿದೆ. ಇಳಿದವಳ ಹೆಸರು ಎಲ್ಲಿಯೂ ಇಲ್ಲ.

ಹೆಸರಿನ ಬದಲು ಅವಳ ಮನೆಗೆ ಊರು ಒಂದು ಮರ್ಯಾದೆ ಕೊಟ್ಟಿತ್ತು. ಕಾರ್ತಿಕದ ಕೊನೆಯ ಸೋಮವಾರ ದೊಡ್ಡಮನೆಯ ಯಜಮಾನಿ ಬೆಟ್ಟ ಹತ್ತಿ, ಬುರುಜಿನ ಬುಡದಲ್ಲಿ ಆ ಮನೆಯ ಸೊಸೆಗೆ ಮಡಿಲಕ್ಕಿ ತುಂಬುತ್ತಾಳೆ. ತವರಿನವರು ಮಗಳ ಸೆರಗಿಗೆ ಹಾಕುವ ಹಾಗೆ ಅಕ್ಕಿ, ಬೆಲ್ಲ, ಕೊಬ್ಬರಿ. ಆದರೆ ಮುಟ್ಟುವುದಿಲ್ಲ, ಮೊಳದೆತ್ತರದಿಂದ ಸುರಿಯುತ್ತಾಳೆ.

ಆ ಮನೆಯ ಹಿರಿಸೊಸೆ ಬೆಟ್ಟಮ್ಮ ಮದುವೆಯಾಗಿ ಬಂದಾಗಿನಿಂದ ಸೆರಗೊಡ್ಡಿದವಳು. ವರ್ಷವೆಲ್ಲ ಜಗಲಿಯ ಆಚೆ ನಿಲ್ಲಿಸುವವರು ಆ ದಿನ ಅವಳನ್ನು ‘ತಾಯಿ’ ಎಂದು ಕರೆಯುತ್ತಿದ್ದರು. ಆ ಒಂದು ಮಾತಿಗೆ ಅವಳು ಹಿಂದಿನ ದಿನವೇ ಸೀರೆ ಒಗೆದು ಹಾಕುತ್ತಿದ್ದಳು.

ಈ ವರ್ಷ ಕೋಟೆಯಲ್ಲಿ ಉತ್ಖನನ ಶುರುವಾಗಿತ್ತು. ಬೆಟ್ಟಮ್ಮನೂ ಅವಳ ವಾರಗಿತ್ತಿ ಅಣ್ಣಮ್ಮನೂ ಮಣ್ಣು ಹೊರುವ ಕೂಲಿಗೆ ಹೋಗುತ್ತಿದ್ದರು. ಅಗೆಸುತ್ತಿದ್ದವಳು ಪುರಾತತ್ವ ಇಲಾಖೆಯ ಅಧಿಕಾರಿ, ಶ್ರೀರಂಗಪಟ್ಟಣದ ಕಹಕಶಾನ್. ಬುರುಜಿನ ಬುಡದ ಗುಂಡಿಯಲ್ಲಿ ಮೂಳೆ ಕಂಡಾಗ ಅವಳು ಗುದ್ದಲಿಗಳನ್ನೆಲ್ಲ ನಿಲ್ಲಿಸಿ, ತಾನೇ ಕುಕ್ಕರುಗಾಲಿನಲ್ಲಿ ಕೂತು ಬ್ರಷ್ಷಿನಿಂದ ಮಣ್ಣು ಸರಿಸಿದಳು. ಮಂಡಿ ಮಡಚಿ ಕೂತ ಹೆಣ್ಣಿನ ಅಸ್ಥಿ. ಕಾಲಿನ ಗೆಣ್ಣಿನ ಸುತ್ತ ತುಕ್ಕು ಹಿಡಿದ ಕಬ್ಬಿಣದ ಬಳೆ.

ಬೆಟ್ಟಮ್ಮ ಕೈಮುಗಿದಳು. “ನೋಡಮ್ಮಿ ಅಣ್ಣಮ್ಮ, ನಮ್ಮವ್ವ! ಕಾಲ್ಕಡಗ ಇಕ್ಕಂಡೇ ಇಳ್ದವ್ಳೆ, ಮದ್ವೆಗೋಗೋಳಂಗೆ.”

ಕಹಕಶಾನ್ ಬ್ರಷ್ಷು ಕೆಳಗಿಟ್ಟಳು. “ಅಮ್ಮಾ, ಅದು ಕಡಗ ಅಲ್ಲ. ಬೇಡಿ. ಸರಪಳಿಯ ಈ ತುದಿ ನೋಡಿ, ಅಡಿಪಾಯದ ಕಲ್ಲಿಗೆ ಸೀಸ ಹೊಯ್ದು ಕೂರಿಸಿದ್ದಾರೆ.”

“ಯಾಕವ್ವಾ?”

ಕಹಕಶಾನ್ ಮತ್ತೆ ಬ್ರಷ್ಷೆತ್ತಿಕೊಂಡು ಸರಪಳಿಯ ಮೇಲಿನ ಮಣ್ಣು ಸರಿಸತೊಡಗಿದಳು.

“ತಾನಾಗಿ ಇಳ್ದೋಳು ಅಂತಾರಲ್ಲ. ತಾನಾಗಿ ಇಳ್ದೋಳ್ನ ಕಟ್ಟಾಕೋದ್ಯಾಕೆ?” ಕೇಳುತ್ತಲೇ ಬೆಟ್ಟಮ್ಮನಿಗೆ ಉತ್ತರ ಹೊಳೆಯಿತು. ಮಣ್ಣಿನ ದಿಬ್ಬದ ಮೇಲೆ ಕೂತುಬಿಟ್ಟಳು.

ಸಂಜೆಯೊಳಗೆ ದೊಡ್ಡಮನೆಯ ಪುಟ್ಟಸ್ವಾಮಿ ಬೆಟ್ಟ ಹತ್ತಿ ಬಂದ. ಕೋಟೆ ಅಭಿವೃದ್ಧಿ ಸಮಿತಿಗೆ ಅವನೇ ಅಧ್ಯಕ್ಷ. “ಮೇಡಂ, ವೀರಮಾತೆ ಅಂತ ಪ್ರತಿಮೆ ಮಾಡುಸ್ತಾ ಇವ್ನಿ. ಬೇಡಿ ಗೀಡಿ ಅಂತ ಬರ್ದು ಊರ್ ಮಾನ ಕಳೀಬ್ಯಾಡಿ,” ಎಂದ. ಮಾರನೆಯ ದಿನ ಕಹಕಶಾನ್‌ಗೆ ಮೇಲಿನವರ ಫೋನು ಬಂತು: ಸೋಮವಾರದ ಪೂಜೆ ಮುಗಿದೊಡನೆ ಗುಂಡಿ ಮುಚ್ಚಿಸಿ. ಅಸ್ಥಿಯೂ ಬೇಡಿಯೂ ಪೆಟ್ಟಿಗೆ ಸೇರಿದವು.

“ಈ ಸಲ ನಾನು ಸೆರಗೊಡ್ಡಕಿಲ್ಲ,” ಎಂದಳು ಬೆಟ್ಟಮ್ಮ.

ಅಣ್ಣಮ್ಮ ಗಾಬರಿಯಾದಳು. “ಅಕ್ಕೋ, ಸುಮ್ಕಿರು. ಕೇರಿಗೆ ನೀರ್ ಬರೋದು ಅವ್ರ ಬೋರ್‌ವೆಲ್ಲಿಂದ. ನನ್ ಮಗ ಓಡ್ಸೋದು ಅವ್ರ ಟ್ರಾಕ್ಟರು. ಒಂದಿಡಿ ಅಕ್ಕಿಗೆ ಇಂಗೆ ರಂಪ ಮಾಡ್ತಾರಾ?”

“ಒಂದಿಡಿ ಅಕ್ಕಿ ಕೊಟ್ಟೇ ಕಣಮ್ಮಿ ನಮ್ಮ ಬಾಯ್ ಮುಚ್ಚಿರೋದು. ಇಷ್ಟ್ ವರ್ಸ ನಾನೂ ನಕ್ಕಂಡು ತಿಂದಿವ್ನಿ.”

ಸೋಮವಾರ ತಮಟೆ ಬಡಿಯುತ್ತಾ ಊರು ಬೆಟ್ಟ ಹತ್ತಿತು. ಪುಟ್ಟಸ್ವಾಮಿಯ ಹೆಂಡತಿ ವರಲಕ್ಷ್ಮಮ್ಮ ಮೊರದ ತುಂಬ ಅಕ್ಕಿ ಹಿಡಿದು ನಿಂತಳು. ಬೆಟ್ಟಮ್ಮ ಬಂದಳು. ಆದರೆ ಅವಳೆದುರು ನಿಲ್ಲದೆ ನೇರ ಗುಂಡಿಗಿಳಿದು, ಅಸ್ಥಿ ಸಿಕ್ಕಿದ ಜಾಗದಲ್ಲೇ ಮಂಡಿ ಮಡಚಿ ಕೂತಳು. ತಮಟೆ ನಿಂತಿತು.

“ತಾಯಿ, ಎದ್ ಬಾ. ಒತ್ತಾಯ್ತದೆ,” ಎಂದಳು ವರಲಕ್ಷ್ಮಮ್ಮ.

“ಇಲ್ಲಿಗೇ ಸುರೀರವ್ವ. ಅಕ್ಕಿ ಆದ್ಮೇಲೆ ಮಣ್ಣೂ ಸುರೀರಿ. ಇಲ್ಲಾ, ಗೌಡ್ರೇ, ಅವ್ಳ ಕಾಲ್ಗೆ ಬೇಡಿ ಆಕಿ ಊತ್ರು ಅಂತ ಈ ಜನದ್ ಮುಂದೆ ಒಂದ್ ಮಾತು ಏಳ್ಬುಡಿ. ನಾನೇ ಎದ್ ಬಂದು ಸೆರಗೊಡ್ತೀನಿ.”

ಗುಂಪಿನಿಂದ ಯಾರೋ ಕೂಗಿದ: “ಬೆಟ್ಟಮ್ಮೋ, ಅಲ್ಯಾಕ್ ಕುಂತೀಯೆ? ನಮ್ ಸೊಸೈಟಿ ಕಟ್ಟಡ ಸೀಳು ಬುಟ್ಟದೆ, ಅದ್ರ ಕೆಳಗ್ ಕುಂತ್ಕೊ ಬಾ!” ಜನ ನಕ್ಕರು. ಕೇರಿಯವರಲ್ಲೂ ಇಬ್ಬರು ಮೂವರು ನಕ್ಕರು. ಅದು ಬೆಟ್ಟಮ್ಮನಿಗೆ ಕೇಳಿಸಿತು.

ಪುಟ್ಟಸ್ವಾಮಿ ರೇಗಲಿಲ್ಲ. ರೇಗುವ ಅಗತ್ಯವೇ ಇಲ್ಲದವರು ಇರುತ್ತಾರಲ್ಲ, ಅವರ ದನಿ ಅದು. “ಬುಡು, ಕುಂತಿರ್ಲಿ. ಆ ಮನೇಲಿ ಇವ್ಳೊಬ್ಳೇನಾ ಸೊಸೆ? ಅಣ್ಣಮ್ಮಾ, ಬಾರವ್ವ ತಾಯಿ.”

ಅಣ್ಣಮ್ಮ ಗುಂಡಿಯ ಕಡೆ ನೋಡಿದಳು. ಟ್ರಾಕ್ಟರಿನ ಪಕ್ಕ ನಿಂತ ಮಗನ ಕಡೆ ನೋಡಿದಳು. ಮುಂದೆ ಹೋಗಿ ಸೆರಗು ಹಿಡಿದಳು. ಅಕ್ಕಿ ಬಿತ್ತು. ತಮಟೆ ಮತ್ತೆ ಶುರುವಾಯಿತು.

ಇಬ್ಬರು ಆಳುಗಳು ಬೆಟ್ಟಮ್ಮನ ತೋಳು ಹಿಡಿದು ಮೇಲಕ್ಕೆಳೆದರು. ಅವಳು ಸೀರೆಯ ಮಣ್ಣು ಕೊಡವಿಕೊಳ್ಳುವ ಮೊದಲೇ ಗುಂಡಿ ಮುಚ್ಚುವ ಕೆಲಸ ಶುರುವಾಗಿತ್ತು. ಕೇರಿಯ ಹೆಂಗಸರು ಸಾಲಾಗಿ ನಿಂತು ಮಂಕರಿ ದಾಟಿಸುತ್ತಿದ್ದರು. ಕಹಕಶಾನ್ ಜೀಪಿಗೆ ಪೆಟ್ಟಿಗೆ ಏರಿಸುತ್ತಿದ್ದಳು.

“ಏನಂತ ಬರ್ದ್ರವ್ವ?” ಬೆಟ್ಟಮ್ಮ ಕೇಳಿದಳು.

ಅವಳು ತಲೆಯೆತ್ತದೆ ಹೇಳಿದಳು: “ಕಬ್ಬಿಣದ ವಸ್ತು ಅಂತ. ಮಾಫ್ ಕರೋ ಅಮ್ಮಾ.”

ಸಾಲಿನಲ್ಲಿದ್ದ ಅಣ್ಣಮ್ಮ, ಅಕ್ಕಿಯ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಗ್ಗಲು ಕಷ್ಟಪಡುತ್ತಿದ್ದಳು. “ಬಯ್ಯಂಗಿದ್ರೆ ಮನೇಲಿ ಬಯ್ಯಕ್ಕ, ಇಲ್ಲಿ ಬ್ಯಾಡ,” ಎಂದಳು.

“ಬಯ್ಯಕಿಲ್ಲ ಕಣಮ್ಮಿ. ಮುಂದಿನ್ ವರ್ಸ ನೀನೂ ಒಲ್ಲೆ ಅಂದ್ರೆ ನಿನ್ ಸೊಸೆ ರಂಜಿತನ್ನ ಕರೀತಾರೆ. ಅವಳ್ಗೆ ಏನ್ ಏಳ್ತೀಯೆ, ಈಗ್ಲೇ ಯೋಚ್ನೆ ಮಾಡ್ಕೊ.”

ಹಿಂದಿನಿಂದ ಮಂಕರಿ ಬಂತು. ಅಣ್ಣಮ್ಮ ತೆಗೆದುಕೊಂಡು ಗುಂಡಿಗೆ ಸುರಿದಳು.