ಕುಂತು ಉಣ್ಣುವವರ ಪಟ್ಟಿ

ಕರಬಸಪ್ಪನ ಮೆಣಸಿನಕಾಯಿ ಬೀಜ ಮೂರನೇ ಎಲೆಗೆ ಸಾಯುತ್ತದೆ ಅನ್ನುವ ಮಾತು ಬ್ಯಾಡಗಿ ಸುತ್ತಿನ ಎರಡು ಊರುಗಳಲ್ಲಿ ಹಬ್ಬಿತ್ತು. ಬೀಜವನ್ನು ಇನ್ನೂ ಯಾರೂ ಬಿತ್ತಿರಲಿಲ್ಲ. ಸತ್ತದ್ದು ಲ್ಯಾಪ್‌ಟಾಪು.

ರಾಣೆಬೆನ್ನೂರಿನ ಬೀಜದ ಕಂಪನಿಯವರು ಎರಡು ಸಾವಿರದ ಏಳರಲ್ಲಿ ಅದನ್ನು ಅವನ ಕೈಗೆ ಕೊಟ್ಟು, ಊರೂರಿಗೆ ಹೋಗಿ ಏಳು ಚಿತ್ರ ತೋರಿಸು ಅಂದಿದ್ದರು. ಒಂದನೆಯದರಲ್ಲಿ ಬರೇ ಮಣ್ಣು, ಎರಡನೆಯದರಲ್ಲಿ ಮೊಳಕೆ, ಮೂರನೆಯದರಲ್ಲಿ ಎಳೆ ಸಸಿ. ಏಳನೆಯದರಲ್ಲಿ ಗಿಡದ ತುಂಬ ಕೆಂಪು ಕಾಯಿ. ಕರಬಸಪ್ಪ ಒಂದೊಂದು ಚಿತ್ರಕ್ಕೂ ನಿಧಾನಕ್ಕೆ ಮಾತಾಡುವವ. ಎರಡೂ ಊರಿನಲ್ಲಿ ಸಸಿಗೆ ಬರುವಷ್ಟರಲ್ಲಿ ಬ್ಯಾಟರಿ ಮುಗಿದು ತೆರೆ ಕಪ್ಪಾಗಿತ್ತು. ಕಂಡವರು ಕಂಡದ್ದನ್ನೇ ಹೇಳಿದರು. ಇನ್ನು ಮೋಟೆಬೆನ್ನೂರಿನಲ್ಲೂ ಹೀಗಾದರೆ ಆ ತಾಲೂಕಿನಲ್ಲಿ ಅವನ ಬೀಜವನ್ನು ಮೂಸಿ ನೋಡುವವರೂ ಇರುವುದಿಲ್ಲ.

ಮುಂಜಾನೆ ಹಾವೇರಿಯಲ್ಲಿ ಕಂಪ್ಯೂಟರ್ ರಿಪೇರಿಯ ಬುಡನಸಾಬನಿಗೆ ತೋರಿಸಿದ್ದ. "ಬ್ಯಾಟರಿ ಗಟ್ಟಿ ಐತ್ರಿ. ಹಿಂದ ಕಾಣದಂಗ ಕುಂತು ಉಣ್ಣಾವರು, ಪ್ರೋಗ್ರಾಮ್ ಅಂತೀವಲ್ರಿ, ಭಾಳ ಆಗ್ಯಾರ. ಮೂರು ಗುಂಡಿ ಕೂಡಿಸಿ ಒತ್ರಿ, ಪಟ್ಟಿ ಬರತೈತಿ. ಯಾರು ಬೇಕು, ಯಾರು ಬ್ಯಾಡ, ಅದು ನಿಮ್ಮ ಮನಿ ಮಾತು, ನಾ ಕೈ ಹಾಕಂಗಿಲ್ಲ" ಅಂದಿದ್ದ ಬುಡನಸಾಬ. ಅಷ್ಟರಲ್ಲಿ ಬಸ್ಸು ಬಂದಿತ್ತು.

ಮೋಟೆಬೆನ್ನೂರಿನಲ್ಲಿ ಹಗಲು ಕರೆಂಟಿಲ್ಲ. ಬಿಸಿಲಲ್ಲಿ ತೆರೆ ಕಾಣುವುದಿಲ್ಲವೆಂದು ಗದಿಗೆವ್ವನ ಮನೆಯ ಕತ್ತಲ ಪಡಸಾಲೆಯಲ್ಲಿ, ಜೋಳದ ಚೀಲದ ಮೇಲೆ ಲ್ಯಾಪ್‌ಟಾಪು ಇಟ್ಟರು. ಗದಿಗೆವ್ವ ಇಪ್ಪತ್ತೆಂಟು ಮಂದಿಯ ಮನೆಯ ಹಿರಿಯಳು. ದಿನಾ ಒಲೆಗೆ ಹಂಚು ಏರಿಸುವ ಮೊದಲು ಬಾಗಿಲಲ್ಲಿ ನಿಂತು, ಇವತ್ತು ಏನು ಕೆಲಸ ಎಂದು ಒಬ್ಬೊಬ್ಬರನ್ನೂ ಕೇಳಿ, ಕೆಲಸ ನೋಡಿ ರೊಟ್ಟಿ ಬಡಿಸುವುದು ಅವಳ ಪದ್ಧತಿ.

ಮಣ್ಣಿನ ಚಿತ್ರಕ್ಕೆ ಬ್ಯಾಟರಿ ನೂರಕ್ಕೆ ನಲವತ್ತು ತೋರಿಸುತ್ತಿತ್ತು. ಮೊಳಕೆಗೆ ಇಪ್ಪತ್ತೆಂಟು.

"ಸಾಹೇಬ್ರ, ನಾಲ್ಕನೇ ಎಲಿ ಬರತೈತೋ, ಇಲ್ಲಾ ಸತ್ತೈತಿ, ಮಣ್ಣಿಗೆ ಬರ್ರಿ ಅಂತೀರೋ?" ಎಂದ ಗದಿಗೆವ್ವನ ಮೈದುನ ಮೈಲಾರಪ್ಪ, ಕಂಬಕ್ಕೆ ಬೆನ್ನು ಕೊಟ್ಟು ಕೂತಲ್ಲಿಂದಲೇ.

ಕರಬಸಪ್ಪ ತಡೆಯಲಾರದೆ ಮೂರು ಗುಂಡಿ ಒತ್ತಿದ. ಪಟ್ಟಿ ಬಂತು. "ನೋಡ್ರಿ ಯವ್ವಾ, ಬ್ಯಾಟರಿ ತಿನ್ನಾವರು ಇವರು" ಅಂದುಬಿಟ್ಟ.

ಗದಿಗೆವ್ವ ಮುಂದೆ ಸರಿದು ಕೂತಳು. "ಒಬ್ಬೊಬ್ಬರ ಹೆಸರು ಹೇಳು ತಮ್ಮಾ. ಏನು ದುಡಿತಾರ ಅದನ್ನೂ ಹೇಳು."

"ಇದು ಪಂಚಾಂಗರಿ. ನನ್ನ ಹೆಂಡ್ತಿ ತಮ್ಮ ವಿಜಯಮಹಾಂತೇಶ ಹಾಕ್ಯಾನ. ರಾಹುಕಾಲ ಬಂತೋ ಏನೋ ಅಂತ ಗಳಿಗೆಗೊಮ್ಮೆ ನೋಡತಿರತೈತಿ."

"ರಾಹುಕಾಲ ತಾನ ಬರತೈತಿ, ಕಾಯೂದ್ಯಾಕ? ಹೊರಗ ಹಾಕು."

"ಇದು ಪ್ರಿಂಟರಿಂದು. ನಮ್ಮ ಕಂಪನಿ ಹಾವೇರಿ ಆಫೀಸಿನ ಪ್ರಿಂಟರ್ ಎಲ್ಲೈತಿ ಅಂತ ಹುಡುಕಾಕತ್ತೈತಿ."

"ಇಲ್ಲಿ ಕುಂತು?"

"ಹೋದ ವರ್ಷದಿಂದ್ರಿ. ಆ ಪ್ರಿಂಟರ್ ಕೆಟ್ಟು, ಗುಜರಿಗೂ ಹಾಕ್ಯಾರ."

ಹಿಂದಿದ್ದ ಮುದುಕನೊಬ್ಬ ಟೊಪ್ಪಿಗೆ ತೆಗೆದ. "ಪಾಪ, ಅದಕ್ಕ ಯಾರೂ ಹೇಳೇ ಇಲ್ಲೇನು?" ಎಂದಳು ಗದಿಗೆವ್ವ. "ಬಿಡುಗಡಿ ಮಾಡು."

ಆಮೇಲೆ ಬೆಕ್ಕು ಬಂತು. ತೆರೆಯ ಮೇಲೆ ಅತ್ತಿತ್ತ ಅಡ್ಡಾಡುವ ಬೂದು ಬೆಕ್ಕು, ಕರಬಸಪ್ಪನ ಮಗಳು ಸುಧಾರಾಣಿ ಹಾಕಿದ್ದು. ಎಲ್ಲರಿಗಿಂತ ಹೆಚ್ಚು ಉಣ್ಣುತ್ತಿದ್ದುದು ಅದೇ. ಇಲಿ ಹಿಡಿಯುತ್ತದೆಯೇ ಎಂದು ವಿಚಾರಿಸಿದರು, ಹಿಡಿಯುವುದಿಲ್ಲ. ಆದರೂ ಬೆಕ್ಕು ಕೊಂದರೆ ಬಂಗಾರದ ಬೆಕ್ಕು ದಾನ ಕೊಡಬೇಕಾಗುತ್ತದೆಂದು ಅರ್ಧ ಪಡಸಾಲೆ, ಇದಕ್ಕೆ ಮೈ ಇಲ್ಲ ಪಾಪವೂ ಇಲ್ಲವೆಂದು ಇನ್ನರ್ಧ. ವಾದ ನಡೆದಷ್ಟು ಹೊತ್ತು ಬ್ಯಾಟರಿ ಇಪ್ಪತ್ತರಿಂದ ಹದಿನಾಲ್ಕಕ್ಕೆ ಇಳಿಯಿತು. ಕಡೆಗೆ ಒಂದು ಬಟ್ಟಲು ಹಾಲು ತಂದು ತೆರೆಯ ಮುಂದೆ ಹಿಡಿದರು. ಬೆಕ್ಕು ಈ ಕಡೆಯ ಅಂಚಿಗೆ ಬಂದಾಗ ಕರಬಸಪ್ಪ ಕಣ್ಣು ಮುಚ್ಚಿ ಗುಂಡಿ ಒತ್ತಿದ.

"ಇನ್ನ ಇವ ಒಬ್ಬ ಉಳದಾನ್ರಿ. ಐಡಲ್ ಅಂತ, ಅಂದ್ರ ಏನೂ ಮಾಡಂಗಿಲ್ಲ ಅಂತ, ಹೆಸರಿನಾಗ ಬರದೈತಿ. ಉಳಿದವರು ಹೋದಷ್ಟೂ ಇವನ ಪಾಲು ಏರಾಕತ್ತೈತಿ. ಈಗ ನೂರಕ್ಕ ತೊಂಬತ್ತೈದು."

"ತಗದು ಒಗಿ ಅವನ್ನ!" ಎಂದು ಎಲ್ಲರೂ ಕೂಗಿದರು.

ಕರಬಸಪ್ಪ ಒತ್ತಿದ. ಇವನನ್ನು ತೆಗೆಯಲು ಬರುವುದಿಲ್ಲ ಎಂದಿತು ಯಂತ್ರ.

ಮಂದಿ ಮೆಲ್ಲಗೆ ಕಂಬದ ಕಡೆ ತಿರುಗಿದರು.

"ನನ್ನ ಯಾಕ ನೋಡ್ತೀರಿ?" ಎಂದ ಮೈಲಾರಪ್ಪ.

"ಇರಲಿ ಬಿಡು ತಮ್ಮಾ" ಎಂದಳು ಗದಿಗೆವ್ವ. "ಅಂಥವ ಒಬ್ಬ ಎಲ್ಲಾ ಮನ್ಯಾಗೂ ಇರ್ತಾನ. ತಗದ್ರ ಮನೀನ ಬೀಳತೈತಿ."

ಲ್ಯಾಪ್‌ಟಾಪಿನ ಒಳಗಿನ ಫ್ಯಾನಿನ ಗಿರಗಿರ ಸದ್ದು ನಿಂತಿತ್ತು. ಬ್ಯಾಟರಿ ಹದಿನಾಲ್ಕಕ್ಕೆ ಕಾಲೂರಿತು. ಕರಬಸಪ್ಪ ಮಾತು ಬಿಟ್ಟು ಚಿತ್ರಗಳನ್ನಷ್ಟೇ ಓಡಿಸಿದ: ಸಸಿ, ಗಿಡ, ಹೂ, ಹಸಿರು ಕಾಯಿ. ಏಳನೆಯದಕ್ಕೆ ಪಡಸಾಲೆಯೇ ಕೆಂಪಾಯಿತು.

"ಕಾಯೇನೋ ಬಿಡ್ತು" ಎಂದ ಮೈಲಾರಪ್ಪ. ಅವನಿಗೆ ಸಿಟ್ಟು ಇಳಿದಿರಲಿಲ್ಲ. "ಕಾಯಿ ಹರದು ಮುಗಿಯೋತನಕ ಗಿಡ ತಾಳಬೇಕಲ್ಲ? ನೋಡೋಣು."

ಅದೂ ನ್ಯಾಯವೇ ಅನಿಸಿತು ಎಲ್ಲರಿಗೂ. ಒಂದೇ ಚಿತ್ರವನ್ನು ನೋಡುತ್ತ ಕೂತರು. ಯಾರೂ ಏಳಲಿಲ್ಲ. ಬ್ಯಾಟರಿ ಒಂಬತ್ತಾಯಿತು, ಆರಾಯಿತು. ನಾಲ್ಕೂವರೆಯ ಬಸ್ಸಿನ ಹಾರ್ನು ಕೇಳಿತು. ಮುಚ್ಚಿದರೆ ತೆರೆ ಕಪ್ಪಾಗುತ್ತದೆ, ಕಪ್ಪಾದರೆ ಸತ್ತಂತೆ. ಹೊರಗೆ ಬಿಸಿಲು ಬಾಡಿತ್ತು; ಕರಬಸಪ್ಪ ಅದನ್ನು ತೆರೆದಂತೆಯೇ ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಟ. ಊರು ಹಿಂದೆ ನಡೆಯಿತು. ರಾಣೆಬೆನ್ನೂರಿಗೆ ಮಗಳ ಮನೆಗೆ ಹೊರಟಿದ್ದ ಗದಿಗೆವ್ವನೂ ಬಸ್ಸು ಹತ್ತಿದಳು.

"ಅದನ್ನ ಮುಚ್ಚಿ ಕುಂದರ್ರಿ" ಎಂದ ಕಂಡಕ್ಟರ್.

"ಮುಚ್ಚಾಕ ಬರಂಗಿಲ್ರಿ, ಮಂದಿ ನೋಡಾಕತ್ತಾರ" ಎಂದ ಕರಬಸಪ್ಪ, ತೆರೆಯನ್ನು ಕಿಟಕಿಗೆ ಒತ್ತಿ ಹಿಡಿದು.

ಬಸ್ಸು ಹೆದ್ದಾರಿಗೆ ತಿರುಗಿ ಊರು ಮರೆಯಾಯಿತು. ಒಂದು ಫರ್ಲಾಂಗು ಹೋಗಿರಬೇಕು, ಕಾಯಿ, ಗಿಡ, ಎಲ್ಲ ಒಮ್ಮೆಲೇ ಕಪ್ಪಾಯಿತು. ಪಕ್ಕದಲ್ಲಿದ್ದ ಗದಿಗೆವ್ವ ನೋಡಿಯೇಬಿಟ್ಟಳು.

"ಯವ್ವಾ…" ಎಂದ ಅವನು.

"ಕಾಯಿ ಕೊಟ್ಟ ಮ್ಯಾಲ ಒಣಗಿತು. ನಮ್ಮ ಹೊಲದಾಗೂ ಹಂಗ ಆಗೂದು" ಎಂದಳು ಅವಳು, ಎಲೆಗೆ ಸುಣ್ಣ ಸವರುತ್ತ. "ನಮಗ ಎರಡು ಎಕರೆಕ್ಕ ಬೀಜ ಬರಕೋ."

ಕರಬಸಪ್ಪ ಲ್ಯಾಪ್‌ಟಾಪು ಮುಚ್ಚಿ, ಅದರ ಬೆನ್ನ ಮೇಲೆ ಕಾಗದ ಇಟ್ಟು ಬರೆದುಕೊಂಡ.