ಕೆಳಗಿನಿಂದ ಮೇಲಕ್ಕೆ ಓದುವ ಎನಿಫಾ

ಪರದೇಶದ ಕಾಲೇಜೊಂದು ಸೀಟು ಕೊಟ್ಟಿತು ಎಂದ ಮಾತ್ರಕ್ಕೆ ಓದಿಸಲು ಹಣವನ್ನೂ ಕೊಟ್ಟಿತು ಎಂದರ್ಥವಲ್ಲ. ಇದು ನಿಮಗೆ ಇಷ್ಟು ಹೊತ್ತಿಗೆ ತಿಳಿದಿರಬೇಕಿತ್ತು. ತಿಳಿದಿಲ್ಲವಾದರೆ ತಪ್ಪು ನಿಮ್ಮದಲ್ಲ. ವರ್ಷಕ್ಕೊಮ್ಮೆ ದೊಡ್ಡ ಹೋಟೆಲುಗಳ ಸಭಾಂಗಣದಲ್ಲಿ ಮೇಳ ಹೂಡಿ, ಹೊಳೆಯುವ ಪುಸ್ತಿಕೆಗಳನ್ನು ಹಂಚಿ, ನಮ್ಮ ಮಕ್ಕಳಿಂದ ಹೆಸರು ವಿಳಾಸ ಬರೆಸಿಕೊಂಡು ಹೊರಟುಹೋಗುತ್ತಾರಲ್ಲ, ಅವರದು. ಅವರ ಪುಸ್ತಿಕೆಯ ಮೊದಲ ಪುಟದಲ್ಲಿ ಹಸಿರು ಹುಲ್ಲುಹಾಸು, ನಗುಮುಖದ ಹುಡುಗಿಯರು. 'ಈ ನೆರವು ಪರದೇಶದ ವಿದ್ಯಾರ್ಥಿಗಳಿಗೆ ಅನ್ವಯಿಸುವುದಿಲ್ಲ' ಎಂಬ ಮಾತು ಮಾತ್ರ ಹನ್ನೊಂದನೆಯ ಪುಟದ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ.

ನಮ್ಮ ಜೊಂಬಾ ಪಟ್ಟಣದಲ್ಲಿ ಆ ತಳದ ಸಾಲನ್ನೇ ಮೊದಲು ಓದುವವರು ಒಬ್ಬರಿದ್ದಾರೆ. ಹೆಸರು ಎನಿಫಾ ಲಿಕೊಂಗ್ವೆ. ಇಪ್ಪತ್ತೊಂಬತ್ತು ವರ್ಷ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕುಳಿತು, ಈಗ ನಿವೃತ್ತರಾಗಿ, ಅದೇ ಕಚೇರಿಯ ಹಿಂದಿನ ಜಗಲಿಯಲ್ಲಿ ಶನಿವಾರ ಶನಿವಾರ ಕುಳಿತುಕೊಳ್ಳುತ್ತಾರೆ. ಕಾಗದವಾಗಲಿ, ಒಡೆದ ಗಾಜಿನ ಮೊಬೈಲಾಗಲಿ, ಕೈಗೆ ಬಂದೊಡನೆ ಅವರ ಕಣ್ಣು ತಳಕ್ಕೆ ಇಳಿಯುತ್ತದೆ, ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತುವವರಂತೆ ಮೇಲಕ್ಕೆ ಬರುತ್ತದೆ, ಮೇಲಿನ ಹುಲ್ಲುಹಾಸು ತಲುಪುವ ಹೊತ್ತಿಗೆ ತೀರ್ಪು ಮುಗಿದಿರುತ್ತದೆ. "ಇದು ಬೇಡ. ಮುಂದಿನದು ತೆಗಿ."

ಅಕ್ಟೋಬರಿನ ಉರಿಬಿಸಿಲಿನಲ್ಲಿಯೂ ಅವರ ಮೈಮೇಲೆ ಇಲಾಖೆಯ ಖಾಕಿ ಕೋಟು ಇರುತ್ತದೆ. ಐದು ಹಿತ್ತಾಳೆಯ ಗುಂಡಿಗಳಲ್ಲಿ ಒಂದು ಎಲ್ಲೋ ಬಿದ್ದುಹೋಗಿ, ಆ ಜಾಗದಲ್ಲಿ ಅಂಗಿಯ ಬಿಳಿಗುಂಡಿಯೊಂದು ಯಾವ ಸಂಕೋಚವೂ ಇಲ್ಲದೆ ಕೂತಿದೆ. ನಡಿಗೆಯೋ, ಇನ್ನು ಐದು ನಿಮಿಷಕ್ಕೆ ಕಿಟಕಿ ಮುಚ್ಚುವವರ ನಡಿಗೆ. ಮಾತಿನಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ: "ಬರೆದು ಕೊಟ್ಟಿದಾರಾ?" ಆ ಕಾಲೇಜು ಆಫ್ರಿಕಾದವರಿಗೆಲ್ಲ ನೆರವು ಕೊಡುತ್ತದಂತೆ ಎಂದ ಮುಖ್ಯೋಪಾಧ್ಯಾಯರಿಗೂ ಅದೇ. ಚಾವಣಿಯ ಕೆಲಸ ಈಸ್ಟರಿನೊಳಗೆ ಮುಗಿಯುತ್ತದೆ ಎಂದು ಪೀಠದಿಂದ ಸಾರಿದ ಪಾದ್ರಿಗೆ ಮೂರನೆಯ ಸಾಲಿನ ಬೆಂಚಿನಿಂದ ಕೇಳಿದ್ದೂ ಅದೇ. ಇಡೀ ಸಭೆ ನಕ್ಕಿತು, ಎನಿಫಾ ನಗಲಿಲ್ಲ.

ಅವರ ಕ್ರಮ ಸರಳವಾದದ್ದು, ಆದ್ದರಿಂದಲೇ ಯಾರಿಗೂ ಇಷ್ಟವಾಗದು. ಜಗಲಿಗೆ ಬರುವ ಮಗು ಕಾಲೇಜಿನ ಕೀರ್ತಿಯ ಬಗ್ಗೆ ಬಾಯಿ ತೆರೆಯುವಂತಿಲ್ಲ. ಮೊದಲು ಆ ಕಾಲೇಜಿಗೇ ಪತ್ರ ಬರೆದು ಕೇಳಬೇಕು: ಹೊರದೇಶದವರಿಗೆ ನೆರವು ಕೊಡುತ್ತೀರಾ, ಕೊಟ್ಟರೆ ಕೊರತೆಯಷ್ಟನ್ನೂ ತುಂಬುತ್ತೀರಾ ಇಲ್ಲವೇ ಕೈಗೊಂದಿಷ್ಟು ಹಾಕಿ ಕಳಿಸುತ್ತೀರಾ, ನೆರವು ಕೇಳಿದ ಕಾರಣಕ್ಕೇ ನನ್ನ ಅರ್ಜಿಯನ್ನು ಹಿಂದಕ್ಕೆ ತಳ್ಳುತ್ತೀರಾ. ಉತ್ತರ ಬರುವವರೆಗೆ ಅರ್ಜಿಯ ಮಾತಿಲ್ಲ. ಹೀಗೆ ಜರಡಿ ಹಿಡಿದರೆ ನೂರು ಕಾಲೇಜುಗಳಲ್ಲಿ ಉಳಿಯುವುದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹಲವುಗಳ ಹೆಸರನ್ನು ನಮ್ಮಲ್ಲಿ ಯಾರೂ ಕೇಳಿರುವುದಿಲ್ಲ.

ಅಸಿಯಾತುವಿನ ವಿಷಯದಲ್ಲಿ ಅವರು ನನ್ನನ್ನು ಹುಡುಕಿಕೊಂಡು ಪತ್ರಿಕೆಯ ಕಚೇರಿಗೇ ಬಂದರು. ಚಿಲ್ವಾ ಕೆರೆಯ ಕಡೆಯ, ಯಾವೊ ಜನಾಂಗದವರ ಹಳ್ಳಿಯ ಹುಡುಗಿ, ಶಾಲೆಗೆ ಮೊದಲಿಗಳು, ಅಮೆರಿಕದ ಹೆಸರಾಂತ ಕಾಲೇಜೊಂದರಲ್ಲಿ ಸೀಟು ಪಡೆದವಳು. ಅವಳ ಸೋದರಮಾವ ಬ್ವಾನಾಲಿ ಎರಡು ಮಿನಿಬಸ್ಸುಗಳ ಒಡೆಯ. ಅರ್ಜಿಯಲ್ಲಿ 'ನೆರವು ಬೇಡ, ಎಲ್ಲ ಖರ್ಚೂ ಮಾವನಾದ ನನ್ನದು' ಎಂದು ಬರೆದು ಸಹಿ ಹಾಕಿದ್ದ. ನಾನದನ್ನು ಹೊಗಳಿ ಅಂಕಣ ಬರೆದಿದ್ದೆ. ಎನಿಫಾ ಅದರ ತುಂಡನ್ನು ಮೇಜಿನ ಮೇಲಿಟ್ಟು, "ಕೊನೇ ಸಾಲು ಓದು ತಮ್ಮಾ," ಎಂದರು. 'ಇಂಥ ಮಾವಂದಿರು ಇರುವವರೆಗೆ ನಮ್ಮ ಮಕ್ಕಳು ಯಾರ ಮುಂದೆಯೂ ಕೈಚಾಚಬೇಕಾಗಿಲ್ಲ' ಎಂದು ಮುಗಿಸಿದ್ದೆ.

"ಚೆನ್ನಾಗಿ ಬರ್ದಿದೀಯ," ಎಂದರು. "ಈಗ ಇದನ್ನ ಓದು."

ಅದು ಕಾಲೇಜಿನ ಪತ್ರ. ಮೊದಲ ಕಂತು ಕಟ್ಟಲು ಮಾವನಿಗೆ ಸಾಧ್ಯವಾಗದೆ ಹುಡುಗಿ ನೆರವು ಬೇಡಿದ್ದಳು. ಅರ್ಜಿ ಹಾಕುವಾಗ ಕೇಳದವರು ನಾಲ್ಕು ವರ್ಷವೂ ಕೇಳುವಂತಿಲ್ಲ ಎಂದು ಅವರು ಬಹು ವಿನಯದಿಂದ ಉತ್ತರಿಸಿದ್ದರು. ಸೀಟು ಹೋಯಿತು. ನನ್ನ ಅಂಕಣವನ್ನು ಮಾತ್ರ ಬ್ವಾನಾಲಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ.

ಮತ್ತೊಮ್ಮೆ, ಬೇರೆ ಕಾಲೇಜುಗಳಿಗೆ, ಹೊಸದಾಗಿ ಅರ್ಜಿ ಹಾಕುವುದೆಂದು ಎನಿಫಾ ತೀರ್ಮಾನಿಸಿದರು. ಒಂದೇ ಒಂದು ತೊಡಕು. ಈ ಸಲದ ಕಾಗದದಲ್ಲಿ ಮಾವ ನಿಜ ಬರೆಯಬೇಕು. ಅವನು ಬರೆಯದಿದ್ದರೆ ಹುಡುಗಿಗೆ ಕಾಯಲು ಇನ್ನೊಂದು ವರ್ಷ ಇಲ್ಲ. ಮನೆಯಲ್ಲಿ ಆಗಲೇ ಮದುವೆಯ ಮಾತು ಎದ್ದಿತ್ತು.

ನಮ್ಮಲ್ಲಿ ಮಾವಿನ ಕಾಲವಾದ ನವೆಂಬರಿನಲ್ಲಿ, ಹಣ್ಣು ಅಂಗಳದ ತುಂಬ ಬಿದ್ದಿದ್ದಾಗ, ಎನಿಫಾ ನನ್ನನ್ನೂ ಎಳೆದುಕೊಂಡು ಹುಡುಗಿಯ ಮನೆಗೆ ಹೋದರು. ಚಹಾ ಬಂತು, ಎಣ್ಣೆಯಲ್ಲಿ ಕರಿದ ಮಂಡಾಸಿ ಉಂಡೆ ಬಂತು. ಬ್ವಾನಾಲಿ ಕುರ್ಚಿಯಲ್ಲಿ, ಅವನ ತಂಗಿ, ಅಂದರೆ ಹುಡುಗಿಯ ತಾಯಿ, ಚಾಪೆಯ ಮೇಲೆ, ತಂದೆ ಚಾಪೆಯ ಅಂಚಿನಲ್ಲಿ.

"ಪತ್ರಿಕೆಯವನನ್ನೂ ಕರ್ಕೊಂಡು ಬಂದ್ರಾ ಅಕ್ಕಾ? ಈ ಸಲ ಏನು ಬರೀತೀಯಪ್ಪಾ?" ಎಂದ ಬ್ವಾನಾಲಿ.

"ಈ ಸಲ ಅವನು ಬರಿಯಲ್ಲ. ನೀವು ಬರೀಬೇಕು."

"ಏನಂತ?"

"ಕೈಲಾಗಲ್ಲ ಅಂತ."

ಬ್ವಾನಾಲಿ ಚಹಾದ ಲೋಟವನ್ನು ನೆಲಕ್ಕಿಟ್ಟ. "ಅಕ್ಕಾ, ತಂಗಿ ಮಕ್ಕಳಿಗೆ ಯಜಮಾನ ನಾನು. ಹುಟ್ಟಿದಾಗ ಹೆಸರಿಟ್ಟೋನು ನಾನು, ನಾಳೆ ಮದುವೇಲಿ ಮುಂದೆ ಕೂರೋನು ನಾನು. ಎಲ್ಲೋ ಇರೋ ಬಿಳಿಯರಿಗೆ, ಈ ಮಗೂಗೆ ದಿಕ್ಕಿಲ್ಲ ಅಂತ ಬರೀಲಾ?"

"ದಿಕ್ಕಿಲ್ಲ ಅಂತ ಯಾರು ಬರಿ ಅಂದ್ರು? ಹೋದ ವರ್ಷ ಎಲ್ಲಾ ಖರ್ಚೂ ನಂದು ಅಂದ್ರಿ. ಈ ಊರಲ್ಲಿ ಒಬ್ಬರೂ ನಂಬ್ಲಿಲ್ಲ. ಪಾಪ, ಆ ಕಾಲೇಜಿನವರು ಮಾತ್ರ ನಂಬಿಬಿಟ್ರು ನೋಡಿ."

ತಂಗಿ ಮೈಮೇಲಿನ ಬಟ್ಟೆಯ ಅಂಚನ್ನು ಬಾಯಿಗೆ ಒತ್ತಿಕೊಂಡಳು. ಬ್ವಾನಾಲಿ ಎದ್ದು ನಿಂತ. "ಹಾಗಾದ್ರೆ ನಾನು ಸತ್ತೋದೆ ಅಂತ ಬರ್ಕೊಳ್ಳಿ! ಬಸ್ಸೇ ಇಲ್ಲ ಅಂತ ಬರ್ಕೊಳ್ಳಿ!"

"ಯಾಕೆ? ಬಸ್ಸು ಎರಡಿವೆ, ಎರಡು ಅಂತಲೇ ಬರೀರಿ. ಒಂದು ಓಡುತ್ತೆ. ಇನ್ನೊಂದು ಕಲ್ಲಿನ ಮೇಲೆ ನಿಂತಿದೆ, ಅದರೊಳಗೆ ಕೋಳಿ ಮೊಟ್ಟೆ ಇಡುತ್ತೆ."

"ಕೋಳೀನೂ ಬರೀಬೇಕಾ?"

"ಮೊಟ್ಟೆ ಮಾರ್ತೀರಾದ್ರೆ ಬರೀರಿ. ಸುಳ್ಳು ದೊಡ್ಡಸ್ತಿಕೆ ಬೇಡ, ಸುಳ್ಳು ಬಡತನಾನೂ ಬೇಡ."

ಆಮೇಲೆ ಎನಿಫಾ ಮಾಡಿದ ಕೆಲಸ ನಾನು ಈಗಲೂ ನೆನೆಯುವಂಥದ್ದು. ಅವರು ಚಾಪೆಯ ಅಂಚಿನ ಕಡೆಗೆ ತಿರುಗಿದರು. ಹೆಂಡತಿಯ ಹಳ್ಳಿಯಲ್ಲಿ ಬಾಳುವ ಗಂಡನನ್ನು ನಮ್ಮ ಕಡೆ ಯಾರೂ ಏನೂ ಕೇಳುವುದಿಲ್ಲ. ಆದರೆ ಆ ಕಾಗದದ ಮೊದಲ ಪ್ರಶ್ನೆಯೇ ತಂದೆಯ ಸಂಪಾದನೆಯದು, ಹೋದ ವರ್ಷ ಆ ಜಾಗವನ್ನೂ ಮಾವನೇ ತುಂಬಿದ್ದ. "ನೀವು ಹೇಳಿ, ಹುಡುಗಿ ಅಪ್ಪಾ. ನಿಮ್ಮ ಕೆಲಸ ಹೇಗೆ ನಡೀತಿದೆ?"

ಅವನು ಮೊದಲು ಬಾವನ ಮುಖ ನೋಡಿದ. ಆಮೇಲೆ ಒಣಮೀನಿನ ವ್ಯಾಪಾರದ ಬಗ್ಗೆ, ಕೆರೆ ತುಂಬಿದ ವರ್ಷ ಎಷ್ಟು, ಬತ್ತಿದ ವರ್ಷ ಎಷ್ಟು ಎಂಬ ಬಗ್ಗೆ, ತಡವರಿಸುತ್ತ, ಆಮೇಲೆ ತಡವರಿಸದೆ ಹೇಳಿದ. ಹತ್ತೊಂಬತ್ತು ವರ್ಷದಲ್ಲಿ ಆ ಅಂಗಳದಲ್ಲಿ ಅವನಿಗೆ ಯಾರೋ ಪ್ರಶ್ನೆ ಕೇಳಿದ್ದು ಬಹುಶಃ ಅದೇ ಮೊದಲು.

ಬಾಗಿಲಲ್ಲಿ ನಿಂತಿದ್ದ ಅಸಿಯಾತು ಆಗ ಮಾತಾಡಿದಳು. "ಹೋದ ಸಲ ನಿನ್ನ ಮರ್ಯಾದೆ ಉಳೀತು ಮಾವ. ನನ್ನ ಸೀಟು ಹೋಯ್ತು."

ಬ್ವಾನಾಲಿ ಕಲ್ಲಿನ ಮೇಲಿನ ಬಸ್ಸಿನ ಕಡೆಗೊಮ್ಮೆ ನೋಡಿದ. ಆಮೇಲೆ ಪೆನ್ನು ಕೇಳಿದ. ಒಂದು ಬಸ್ಸು ಓಡುತ್ತದೆ, ಒಂದು ಓಡುವುದಿಲ್ಲ ಎಂದು ಬರೆದ. ತಂಗಿಯ ಮಗಳಿಗೆ ಒಂದು ಪೆಟ್ಟಿಗೆ ಕೊಡಿಸಬಲ್ಲೆ, ಚಿಲೇಕಾ ವಿಮಾನ ನಿಲ್ದಾಣಕ್ಕೆ ನನ್ನ ಬಸ್ಸಿನಲ್ಲೇ ಬಿಟ್ಟುಬರಬಲ್ಲೆ, ಇದಕ್ಕಿಂತ ಹೆಚ್ಚು ನನ್ನಿಂದಾಗದು ಎಂದು ಬರೆದು, ಹೆಸರಿನ ಕೆಳಗೆ 'ಮಾವ' ಎಂದು ಒತ್ತಿ ಒತ್ತಿ ಬರೆದ.

ಮಾರ್ಚ್ ಕೊನೆಗೆ ಉತ್ತರ ಬಂತು. ಶುಲ್ಕ, ವಸತಿ, ಊಟ, ಪುಸ್ತಕ, ಹೋಗಿಬರುವ ವಿಮಾನ, ಎಲ್ಲ ಕಾಲೇಜಿನದೇ. "ಈ ಕಾಲೇಜಿನ ಹೆಸರೇ ಕೇಳಿಲ್ವಲ್ಲ ಅಕ್ಕಾ," ಎಂದು ಬ್ವಾನಾಲಿ ಗೊಣಗಿದ. "ಅವರೂ ನಿಮ್ಮ ಹೆಸರು ಕೇಳಿರ್ಲಿಲ್ಲ. ಆದ್ರೂ ದುಡ್ಡು ಕೊಟ್ರು," ಎಂದರು ಎನಿಫಾ. ಹುಡುಗಿಗೆ ಅವರು ಅಭಿನಂದನೆ ಹೇಳಿದ್ದನ್ನು ನಾನು ಕೇಳಲಿಲ್ಲ. ಕೇಳಿದ್ದು ಇಷ್ಟೇ: "ನಾಲ್ಕೂ ವರ್ಷಕ್ಕಾ? ಬರೆದು ಕೊಟ್ಟಿದಾರಾ?" ಕೊಟ್ಟಿದ್ದರು.

ಎನಿಫಾರಂಥವರನ್ನು ನಾವು ಒರಟರೆನ್ನುತ್ತೇವೆ, ಹಟಮಾರಿಗಳೆನ್ನುತ್ತೇವೆ, ಸಭೆಯಲ್ಲಿ ಅವರು ಬಾಯಿ ತೆರೆದರೆ ನಗುತ್ತೇವೆ. ಆದರೆ ಪ್ರತಿಷ್ಠೆ ಎಂಬುದು ಕೊಡುವವನಿಗೆ ಅಲಂಕಾರ, ಪಡೆಯಬೇಕಾದ ಮಗುವಿಗೆ ಬೀಗ ಎಂಬುದನ್ನು ಅವರು ಕಂಡಿದ್ದಾರೆ. ಬಡತನವನ್ನು ಅವಮಾನವೆಂದೂ ಎಣಿಸದೆ, ಬಂಡವಾಳವನ್ನಾಗಿಯೂ ಮಾಡಿಕೊಳ್ಳದೆ, ಒಂದು ಸಂಗತಿಯಾಗಿ ಹೇಳಬಲ್ಲ ಜನ ಊರಿಗೊಬ್ಬರಿದ್ದರೂ ಸಾಕು, ಮೇಳದವರ ಅಂಗಡಿ ಮುಚ್ಚುತ್ತದೆ.

ಈ ವರ್ಷದ ಅರ್ಜಿಗಳು ಶುರುವಾಗಿವೆ. ನಿಮ್ಮ ತಂಗಿಯ ಮಗಳೋ, ಅಣ್ಣನ ಮಗನೋ, ನೆರೆಮನೆಯ ಹುಡುಗಿಯೋ ಸಹಿಗಾಗಿ ನಿಮ್ಮ ಬಾಗಿಲಿಗೆ ಬರುತ್ತಾರೆ. ನಿಮ್ಮಿಂದ ಎಷ್ಟಾಗುತ್ತದೋ ಅಷ್ಟನ್ನೇ ಬರೆಯಿರಿ. ಏನೂ ಆಗದಿದ್ದರೆ ಏನೂ ಆಗದು ಎಂದು ಬರೆಯಿರಿ. ಆ ಮಗುವಿನ ಎದುರಿಗೇ ಬರೆಯಿರಿ.