ಹುಲಗಮ್ಮನ ಡಬ್ಬಿ

ಪುಕ್ಕಟೆ ಕೇಳುವವರನ್ನು ಶರಣಬಸಮ್ಮ ನಂಬುತ್ತಿರಲಿಲ್ಲ. ಪುಕ್ಕಟೆ ಕೊಡುವವರನ್ನಂತೂ ಹೊಸ್ತಿಲು ಹತ್ತಲೂ ಬಿಡುತ್ತಿರಲಿಲ್ಲ. ಇದಕ್ಕೆ ಕಾರಣವಿತ್ತು. ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿ, ಪ್ರಭುರಾಜನ ಕೂದಲಿನ ಶೆಡ್ಡಿನಲ್ಲಿ, ಮದುವೆಯಾಗಿ ಬಂದಾಗಿನಿಂದ ಅವಳು ಕಂಡವರ ಕೂದಲಿನ ಗಂಟು ಬಿಡಿಸುತ್ತ ಬಂದಿದ್ದಾಳೆ. ತಲೆ ಬಾಚಿದ ಹೆಂಗಸರು ಕಸವೆಂದು ಗೋಡೆಯ ಸಂದಿಗೆ ಸಿಕ್ಕಿಸಿದ ಕೂದಲನ್ನು ಓಣಿ ತಿರುಗುವವರು ನಾಲ್ಕು ಪಿನ್ನು ಕೊಟ್ಟು, ಬಹಳವಾದರೆ ಒಂದು ಸ್ಟೀಲಿನ ಬಟ್ಟಲು ಕೊಟ್ಟು ಒಯ್ಯುತ್ತಾರೆ. ಇಲ್ಲಿ ಬಿಡಿಸಿ, ತೊಳೆದು, ಉದ್ದ ನೋಡಿ ಕಟ್ಟಿದ ಮೇಲೆ ಅದೇ ಕಸ ಪರದೇಶಕ್ಕೆ ಹೋಗಿ ಸಾವಿರಗಟ್ಟಲೆ ಬೆಲೆ ತರುತ್ತದೆ. ಮೈಯಿಂದ ಉದುರಿದ್ದಕ್ಕೂ ಬೆಲೆಯಿದೆ, ಕೊಟ್ಟವಳಿಗೆ ಮಾತ್ರ ಅದು ಗೊತ್ತಿರುವುದಿಲ್ಲ. ಶರಣಬಸಮ್ಮ ಸಾಲೆಗೆ ಹೋಗದೆ ಕಲಿತ ವಿದ್ಯೆ ಇದೊಂದೇ.

ಹಾಗಾಗಿ ಸರಕಾರಿ ಆಸ್ಪತ್ರೆಯ ಸುಮಂಗಲಾ ಚೀಲದ ತುಂಬ ಪ್ಲಾಸ್ಟಿಕ್ ಡಬ್ಬಿ ಹೊತ್ತು ಶೆಡ್ಡಿಗೆ ಬಂದು, ಎಲ್ಲರೂ ಇದರಲ್ಲಿ ಕೆಮ್ಮಿ ಕಫ ಕೊಡಬೇಕು ಎಂದಾಗ ಶರಣಬಸಮ್ಮನ ಕಿವಿ ನೆಟ್ಟಗಾದವು.

ಸುಮಂಗಲಾ ಪಾಪ, ಚೆನ್ನಾಗಿಯೇ ಹೇಳಿದಳು. "ಹಿಂಗ ಒತ್ತೊತ್ತಿ ಕುಂತು, ಕಿಡಕಿ ಹಾಕ್ಕೊಂಡು, ಧೂಳಿನಾಗ ಕೆಲಸಾ ಮಾಡೋರಿಗೆ ಟೀಬಿ ಲಗೂನ ಹತ್ತತೈತ್ರಿ. ಮೊದಲ ಗೊತ್ತಾತಂದ್ರ ಗುಳಿಗಿ ತಗೊಂಡು ಪೂರಾ ಆರಾಮ ಆಗಬಹುದು. ಬಾಯಿಗೆ ಬಟ್ಟಿ ಕಟ್ಕೋರಿ. ಕಿಡಕಿ ತೆಗೀರಿ, ಫ್ಯಾನ್ ಹಚ್ಚರಿ."

ಫ್ಯಾನು ಎಂದದ್ದೇ ತಡ, ಕೂತಿದ್ದ ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಕೂದಲಿನ ಶೆಡ್ಡಿನಲ್ಲಿ ಫ್ಯಾನು ಹಾಕಿದರೆ ಹೊತ್ತು ಮುಳುಗುವ ತನಕ ಬಿಡಿಸಿದ್ದು ಒಂದೇ ಉಸಿರಿಗೆ ಸೂರು ಸೇರುತ್ತದೆ. ಹಾರಿಹೋದ ಕೂದಲಿನ ತೂಕವನ್ನು ಪ್ರಭುರಾಜ ಕೂಲಿಯಲ್ಲಿ ಮುರಿದುಕೊಳ್ಳುತ್ತಾನೆ.

"ಕಫಾ ಕಿಲೋಕ ಹ್ಯಾಂಗ್ರಿ, ಮೇಡಂ?" ಎಂದಳು ಶರಣಬಸಮ್ಮ.

ಸುಮಂಗಲಾ ಚೇಷ್ಟೆಯೆಂದುಕೊಂಡು ನಕ್ಕಳು. "ಕಫಕ್ಕ ಯಾರ ರೊಕ್ಕಾ ಕೊಡ್ತಾರ್ರಿ?"

"ಉದುರಿದ ಕೂದ್ಲಕ್ಕ ಯಾರ ಕೊಡ್ತಾರ ಅಂತ ನಮ್ಮವ್ವಾನೂ ಅಂತಿದ್ಲ್ರಿ."

ಅಷ್ಟು ಸಾಕಾಯಿತು. ಶೆಡ್ಡಿನಲ್ಲಿ ಶರಣಬಸಮ್ಮನ ಮಾತು ಮೀರುವವರಿಲ್ಲ. ಡಬ್ಬಿಗಳು ಹೇಗೆ ಬಂದವೋ ಹಾಗೆಯೇ ಚೀಲ ಸೇರಿ ವಾಪಸಾದವು.

ಮುಂದಿನ ವಾರ ಪ್ರಭುರಾಜ ಜಾಣತನ ಮಾಡಿದ. ಕೆಲಸಗಾರರ ತಪಾಸಣೆ ಆಗಲೇಬೇಕೆಂದು ಮಾಲು ಕೊಳ್ಳುವವರು ಅವನ ಬೆನ್ನು ಹತ್ತಿದ್ದರು. ಬಾಗಿಲಲ್ಲಿ ನಿಂತು, ಕಫ ಕೊಟ್ಟವರಿಗೆ ಒಬ್ಬೊಬ್ಬರಿಗೆ ಒಂದೊಂದು ಸ್ಟೀಲಿನ ಬಟ್ಟಲು ಎಂದು ಸಾರಿದ. ಬರಿ ಉಗುಳು ಕೊಟ್ಟರೆ ನಡೆಯುವುದಿಲ್ಲ, ಎದೆಯಿಂದ ಬಂದದ್ದೇ ಆಗಬೇಕು ಎಂಬ ಕರಾರು ಬೇರೆ.

"ನೋಡಿದ್ರ್ಯಾ?" ಶರಣಬಸಮ್ಮ ಸುತ್ತಲಿನವರಿಗೆ ಕಣ್ಣು ಹೊಡೆದಳು. "ಚಹಾಕ್ಕ ಹಾಲ ಹಾಕೂಮುಂದ ಕೈ ನಡಗೋ ಮನಷ್ಯಾ ಬಟ್ಟಲಾ ಕೊಡ್ತಾನಂದ್ರ ಇದರಾಗ ಅವಗೆಷ್ಟು ಉಳೀತಿರಬೇಕು!"

ಬೆಲೆಯಿದೆ ಎಂದು ಖಾತ್ರಿಯಾದ ಮೇಲೆ ಯಾರು ಬಿಡುತ್ತಾರೆ? ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ಜನ ನಾವು. ಹೆಂಗಸರು ಡಬ್ಬಿ ಹಿಡಿದು ಶೆಡ್ಡಿನ ಹಿಂದೆ ಕೆಮ್ಮಲು ಸಾಲುಗಟ್ಟಿದರು.

ವ್ಯಾಪಾರ ಬಂದ ಕಡೆ ಬೆರಕೆಯೂ ಬರುತ್ತದೆ. ತೂಕ ಹೆಚ್ಚಲೆಂದು ಕೂದಲಿನ ಗಂಟಿನೊಳಗೆ ಉಸುಕು ತುಂಬುವವರಿದ್ದಾರೆ, ನೀರು ಚಿಮುಕಿಸುವವರಿದ್ದಾರೆ. ಮುಟ್ಟಿ ನೋಡಿ ಬೆರಕೆ ಹಿಡಿಯುವುದರಲ್ಲಿ ಶರಣಬಸಮ್ಮನ ಕೈ ಪಳಗಿತ್ತು. ಅಂದು ಅದೇ ಕೈ ಬೆರಕೆ ಮಾಡಿತು.

ಅವಳ ಮಗ್ಗುಲಿಗೆ ಕೂತು ಗಂಟು ಬಿಡಿಸುವವಳು ಹುಲಗಮ್ಮ. ಓಣಿಯ ಸೊಸೆ, ಹಾಲು ಕುಡಿಯುವ ಕೂಸಿನ ತಾಯಿ. ಹೆರಿಗೆಯಾದಾಗಿನಿಂದ ಒಣಕೆಮ್ಮು. ಎಷ್ಟು ಕೆಮ್ಮಿದರೂ ಡಬ್ಬಿಗೆ ಬಿದ್ದದ್ದು ನಾಲ್ಕು ಹನಿ ಉಗುಳು.

"ದೊಡ್ಡವ್ವ, ನಂಗ ಬರವಲ್ದು," ಎಂದಳು. "ಕೂಸು ಅಳ್ತಿರತೈತಿ. ಮನೀಗೆ ಹೋಗಿ ಕುಡಿಸಿ ಬರ್ತೀನಿ."

"ಡಬ್ಬಿ ಇಲ್ಲೇ ಇಟ್ಟ ಹೋಗ. ನಿನ್ನ ಬಟ್ಟಲಕ್ಕ ನಾ ಅದೀನಿ," ಎಂದಳು ಶರಣಬಸಮ್ಮ.

ಅವಳ ಎದೆಯಲ್ಲಿ ಕಫಕ್ಕೆ ಬರವಿರಲಿಲ್ಲ. ಕೂದಲಿನ ಧೂಳು ಕುಡಿದ ಎದೆ, ಹೀಗೇ ಇರುತ್ತದೆ ಎಂದು ಅವಳ ಲೆಕ್ಕ. ಗಟ್ಟಿಯಾಗಿ ಕೆಮ್ಮಿ ಹುಲಗಮ್ಮನ ಹೆಸರಿನ ಡಬ್ಬಿ ತುಂಬಿದಳು. ತನ್ನ ಹೆಸರಿನದಕ್ಕೆ ಉಗುಳಿ, ತೊಟ್ಟಿಯ ನೀರು ಬೆರೆಸಿದಳು. ತನ್ನ ಎದೆಯೊಳಗಿನದು ತನ್ನ ಹೆಸರು ಹೊತ್ತು ಯಾರದೋ ಕೈಗೆ ಹೋಗುವುದು ಅವಳಿಗೆ ಸೇರಲಿಲ್ಲ. ಆ ನೀರಾದ ಉಗುಳನ್ನು ನೋಡಿ ಸುಮಂಗಲಾ ಮುಖ ಸಿಂಡರಿಸಿದರೂ ಶರಣಬಸಮ್ಮ ಜಗಳವಾಡಿ ಬಟ್ಟಲು ಇಸಿದುಕೊಂಡಳು. ಹುಲಗಮ್ಮನಿಗೂ ಒಂದು ಕೊಡಿಸಿದಳು. ಅಂದು ಅವಳಷ್ಟು ಖುಷಿಯಾಗಿ ಮನೆಗೆ ಹೋದವರು ಯಾರೂ ಇಲ್ಲ.

ಕೆಲವು ದಿನಗಳ ಮೇಲೆ ಸುಮಂಗಲಾ ಬಂದು ಹುಲಗಮ್ಮನನ್ನು ಹೊರಗೆ ಕರೆದಳು. ದನಿ ತಗ್ಗಿಸಿಯೇ ಹೇಳಿದಳು. ಆದರೆ ಹದಿನೈದು ಹೆಂಗಸರ ಶೆಡ್ಡಿನಲ್ಲಿ ಗುಟ್ಟಿಗೆ ಜಾಗವೆಲ್ಲಿ? ಹುಲಗಮ್ಮನಿಗೆ ಟೀಬಿ ಎಂಬ ಸುದ್ದಿ ಅವಳಿಗಿಂತ ಮೊದಲೇ ಅವಳ ಮನೆ ಸೇರಿತು.

ಸುಮಂಗಲಾ ಮನೆಗೂ ಹೋಗಿ ಹೇಳಿದಳು: ಗುಳಿಗೆ ಶುರುಮಾಡೋಣ, ಕೂಸನ್ನೂ ತಪಾಸಣೆ ಮಾಡಿಸೋಣ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಾಲು ಕುಡಿಸಬಹುದು, ಕೂಸನ್ನು ದೂರ ಮಾಡಬೇಡಿ. ಅತ್ತೆ ಶಿವಬಸಮ್ಮ ಎಲ್ಲಕ್ಕೂ ಹೂಂಗುಟ್ಟಿದಳು. ಸುಮಂಗಲಾ ಓಣಿ ದಾಟುವುದೇ ತಡ, ಕೂಸನ್ನು ಎತ್ತಿಕೊಂಡು ಕುಷ್ಟಗಿಯ ಮಗಳ ಮನೆಗೆ ಬಸ್ಸು ಹತ್ತಿದಳು. ಇತ್ತ ಪ್ರಭುರಾಜ, ಹೇಳಿಕಳಿಸುವ ತನಕ ಶೆಡ್ಡಿಗೆ ಬರಬೇಡ ಎಂದ.

ಶರಣಬಸಮ್ಮ ಮೊದಲು ಸುಮಂಗಲಾಳನ್ನು ಬೈದಳು. ಡಬ್ಬಿ ಅದಲು ಬದಲು ಮಾಡಿದ್ದಾರೆ ಎಂದಳು, ಬಾಣಂತಿಯನ್ನು ಕೆಲಸದಿಂದ ತೆಗೆಯಲು ಪ್ರಭುರಾಜ ಹೂಡಿದ ಆಟ ಎಂದಳು. ಕೂಗಾಡುವಾಗ ಕೆಮ್ಮು ಬಂತು. ಕೆಮ್ಮಿ ಬಾಯಿ ಒರೆಸಿಕೊಂಡವಳು ಸೆರಗಿಗೆ ಹತ್ತಿದ ಕಫ ನೋಡುತ್ತ ನಿಂತುಬಿಟ್ಟಳು.

ಆ ಡಬ್ಬಿಯಲ್ಲಿದ್ದ ಕಫ ಹುಲಗಮ್ಮನದು ಎಲ್ಲಿತ್ತು?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರೆ. ಶರಣಬಸಮ್ಮ ನಿಜವಾಗಿಯೂ ಹೆಗಲು ಮುಟ್ಟಿಕೊಂಡಳು. ಎಲುಬು ಕೈಗೆ ಸಿಕ್ಕಿತು. ಕುಪ್ಪಸ ಸಡಿಲಾದದ್ದು ಬಟ್ಟೆ ಹಳೆಯದಾಗಿ ಎಂದುಕೊಂಡಿದ್ದಳು, ಬೆಳಗಿನ ಜಾವ ಮೈ ಬೆವರುವುದು ಬಿಸಿಲುಗಾಲಕ್ಕೆ ಎಂದುಕೊಂಡಿದ್ದಳು. ಊರನ್ನೆಲ್ಲ ಸಂಶಯದಿಂದ ನೋಡಿದವಳು ತನ್ನ ಮೈಯನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದಳು. ಅಂದಿನಿಂದ ಮೊಮ್ಮಗ ಗವಿಸಿದ್ದೇಶನನ್ನು ಮಗ್ಗುಲಿಗೆ ಮಲಗಿಸಿಕೊಳ್ಳಲಿಲ್ಲ. ಕೇಳಿದವರಿಗೆ, ನಿದ್ದೆಯಲ್ಲಿ ಒದೆಯುತ್ತಾನೆ ಎಂದಳು. ಹೇಳಬೇಕೆಂದು ಎರಡು ಸಲ ಹುಲಗಮ್ಮನ ಬಾಗಿಲ ತನಕ ಹೋಗಿ ತಿರುಗಿ ಬಂದಳು. ಹೇಳಿದರೆ ತನ್ನ ಕೂಲಿಯೂ ಹೋಗುತ್ತದೆ, ಮೊಮ್ಮಗನೂ ದೂರವಾಗುತ್ತಾನೆ. ಹೆದರಿಕೆ ಎಂದರೆ ಹೆದರಿಕೆಯೇ, ಅದಕ್ಕೆ ಬೇರೆ ಹೆಸರು ಬೇಡ.

ಮೂರನೆಯ ಸಲ ಒಳಗೆ ಹೋದಳು. ಹುಲಗಮ್ಮ ಬಚ್ಚಲಿನಲ್ಲಿ ಗೋಡೆಗೆ ಮುಖಮಾಡಿ ನಿಂತಿದ್ದಳು.

"ಏನ್ ಮಾಡಾಕತ್ತೀಯ?"

"ಹಾಲು ಹಿಂಡಿ ಚೆಲ್ಲಾಕತ್ತೀನಿ, ದೊಡ್ಡವ್ವ. ಎದಿ ಕಲ್ಲಾಗೈತಿ. ಅಲ್ಲಿ ಕೂಸು ಬಾಟ್ಲಿ ಹಿಡಿವಲ್ದಂತ."

ಶರಣಬಸಮ್ಮ ಬಚ್ಚಲಿನ ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಹೇಳಿದಳು: "ಆ ಡಬ್ಬ್ಯಾಗಿಂದು ನಿಂದಲ್ಲವ್ವ. ನಂದು. ನಿನ್ನ ಡಬ್ಬ್ಯಾಗ ನಾ ಕೆಮ್ಮಿದ್ದೆ."

ಹುಲಗಮ್ಮ ತಿರುಗಿ ನೋಡಿದಳು. ಅಳಲಿಲ್ಲ, ಬೈಯಲೂ ಇಲ್ಲ. "ಗೊತ್ತಿದ್ದೂ ಇಷ್ಟ ದಿನಾ ಸುಮ್ಮನಿದ್ದಿ?" ಎಂದಷ್ಟೇ ಕೇಳಿದಳು. ಉತ್ತರಕ್ಕೆ ಕಾಯದೆ ಫೋನು ತೆಗೆದು ಅತ್ತೆಗೆ ಹಚ್ಚಿದಳು. ಡಬ್ಬಿಯ ಸುದ್ದಿ ಹೇಳಿದಳು. ಹಿಂದಿನಿಂದ ಶರಣಬಸಮ್ಮ ಕೂಗಿ ಹೇಳಿದಳು, "ಖರೇನ ಶಿವಬಸಮ್ಮ, ನನ್ನ ಮೊಮ್ಮಗನ ಆಣಿ. ಕೂಸಿನ್ನ ಕರ್ಕೊಂಡ ಬಾ."

ಫೋನಿನಲ್ಲಿ ಶಿವಬಸಮ್ಮ ನಕ್ಕದ್ದು ಇಬ್ಬರಿಗೂ ಕೇಳಿಸಿತು. "ಇಲ್ಲದ ರೋಗಾನ ನಂದು ಅಂತ ಮೈಮ್ಯಾಲ ಎಳ್ಕೊಳ್ಳೋರನ್ನ ಎಲ್ಲೆರ ಕಂಡೀಯೇನು? ಈಕಿಗೆ ನೀ ಏನ ಕೊಡ್ತೀನಂದಿ, ಹುಲಗಿ, ಈ ಸುಳ್ಳ ಹೇಳಾಕ? ಸುಮ್ಮಸುಮ್ಮನ ಯಾರೂ ಏನೂ ಮಾಡಂಗಿಲ್ಲ ಅಂತ ಓಣಿಗೆಲ್ಲಾ ಹೇಳಿಕೊಟ್ಟಾಕಿನ ಆಕಿ. ಆಸ್ಪತ್ರಿ ಚೀಟ್ಯಾಗ ನಿನ್ನ ಹೆಸರೈತಿ. ಬ್ಯಾರೆ ಹೆಸರಿನ ಚೀಟಿ ತೋರಸ್ರಿ, ಕೂಸು ತರ್ತೀನಿ."

ಫೋನಿನ ಆಚೆಯಿಂದ ಕೂಸಿನ ಅಳು ಕೇಳಿಸಿತು. ಫೋನು ಕಟ್ಟಾಯಿತು. ಹುಲಗಮ್ಮನ ಕುಪ್ಪಸ ಮತ್ತೆ ತೊಯ್ದಿತು.

ಮರುದಿನ ಬೆಳಿಗ್ಗೆ ಇಬ್ಬರೂ ಬಾಯಿಗೆ ಬಟ್ಟೆ ಕಟ್ಟಿಕೊಂಡು ಆಸ್ಪತ್ರೆಗೆ ಹೋದರು. ಎಲ್ಲ ಕೇಳಿದ ಮೇಲೆ ಸುಮಂಗಲಾ ಹಣೆ ಬಡಿದುಕೊಂಡಳು. ಶರಣಬಸಮ್ಮನಿಗೆ ಮನಸೋ ಇಚ್ಛೆ ಬೈದಳು. ಬೈಸಿಕೊಳ್ಳುವುದನ್ನು ಅರಿಯದ ಆ ಹೆಂಗಸು ಅಂದು ತಲೆ ಎತ್ತಲಿಲ್ಲ. ಇಬ್ಬರಿಗೂ ಹೊಸ ಡಬ್ಬಿ ಸಿಕ್ಕಿತು. ಹುಲಗಮ್ಮ ತನ್ನದನ್ನು ಯಾರ ಕೈಗೂ ಕೊಡದೆ ಬೇವಿನ ಗಿಡದ ಕೆಳಗೆ ಒಬ್ಬಳೇ ಕೂತು ಕೆಮ್ಮಿದಳು.

ಶರಣಬಸಮ್ಮ ಅಂಗಳದ ಆಚೆ ಬದಿಗೆ ಹೋದಳು. ಪಕ್ಕೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದಳು. ತುಂಬಿದ ಡಬ್ಬಿಯ ಮುಚ್ಚಳ ಬಿಗಿದು, ಮೇಲಿನ ಹೆಸರು ತನ್ನದೇ ತಾನೇ ಎಂದು ಎರಡೆರಡು ಸಲ ಓದಿಸಿ ಕೇಳಿದಳು. ಅವಳ ಒದ್ದೆ ಕಣ್ಣು ಕಂಡು ಸುಮಂಗಲಾಳ ಸಿಟ್ಟು ಇಳಿಯಿತು.

"ಹೆದರಬ್ಯಾಡ್ರಿ ಅವ್ವಾರ," ಎಂದಳು. "ದೇವರ ದೊಡ್ಡಾಂವ. ನಿಮಗೇನೂ ಇರಲಿಕ್ಕಿಲ್ಲ."

"ಹಂಗ ಅನಬ್ಯಾಡ ತಂಗಿ," ಎಂದಳು ಶರಣಬಸಮ್ಮ. "ನಂಗ ಇರಬೇಕು."